ವರ್ಷಕ್ಕೊಂದು ಅಧಿಕಮಾಸ

ಗೃಹಪ್ರವೇಶದ ದಿನ ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ, ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಂತಿದ್ದ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಬಣ್ಣದ ಕರಪತ್ರ. "ಸಾರ್, ಈ ಬಿಲ್ಡಿಂಗಿಗೆಲ್ಲ ನಮ್ದೇ ಕನೆಕ್ಷನ್. ಬೇರೆ ಯಾರೂ ಬರೋ ಹಾಗಿಲ್ಲ" ಎಂದ. ಅದನ್ನವನು ಬೆದರಿಕೆಯಾಗಿ ಹೇಳಲಿಲ್ಲ ಪಾಪ, ಸೌಲಭ್ಯವೆಂಬಂತೆ ಹೇಳಿದ. ನಾನು ಕರಪತ್ರ ಇಸಿದುಕೊಂಡು ಅದರ ಹಿಂಬದಿಯಲ್ಲೇ ಲೆಕ್ಕ ಹಾಕತೊಡಗಿದಾಗ ಭಾವ ಪಕ್ಕದಲ್ಲಿ ನಿಂತು ನಕ್ಕರು. "ಮನೆಗೆ ಇಷ್ಟು ಸುರಿದಿದ್ದೀಯ, ಇಂಟರ್‌ನೆಟ್ಟಿಗೆ ಪೈಸೆ ಪೈಸೆ ಎಣಿಸ್ತಾ ಕೂತಿದ್ದೀಯಲ್ಲೋ. ಇಡೀ ಪ್ರಪಂಚದಲ್ಲಿ ನಮ್ಮಲ್ಲೇ ಡೇಟಾ ಅಗ್ಗ ಕಣೋ. ಹಾಕಿಸ್ಕೊಂಡು ಬಿಡು."

ಭಾವನವರನ್ನು ಬೈದು ಪ್ರಯೋಜನವಿಲ್ಲ. ಈ ಮಾತನ್ನು ಮಂತ್ರಿಗಳು ಭಾಷಣದಲ್ಲಿ ಹೇಳುತ್ತಾರೆ, ಟಿವಿಯ ಪಂಡಿತರು ಹೇಳುತ್ತಾರೆ, ಕಾಫಿ ಹೋಟೆಲಿನ ಮೇಜಿನ ಸುತ್ತ ಕೂತವರೂ ಹೇಳುತ್ತಾರೆ. ಅಗ್ಗ ಎಂಬ ಎರಡಕ್ಷರ ಕೇಳಿದೊಡನೆ ಪ್ರಶ್ನೆ ಕೇಳುವವನ ಬಾಯಿಗೆ ಬೀಗ. ದರ ವಿಚಾರಿಸಿದವನು ಜಿಪುಣ, ದೂರು ಕೊಟ್ಟವನು ಕೃತಘ್ನ. ಈ ಅಗ್ಗವೆಂಬುದು ಮೋಸದ ಅಳತೆ ಎನ್ನುವುದು ನನ್ನ ವಾದ.

ಯಾವ ಕೋಲಿನಿಂದ ಅಳೆದು ಅಗ್ಗ ಎನ್ನುತ್ತಾರೆ? ಒಂದು ಜಿಬಿಗೆ ಎಷ್ಟು ರೂಪಾಯಿ ಬಿತ್ತು ಎಂಬ ಕೋಲಿನಿಂದ. ಆದರೆ ಒಂದು ಜಿಬಿ ಕೊಡಿ ಎಂದು ಅಂಗಡಿಗೆ ಹೋದವರು ಯಾರು? ಸಂತೆಯಲ್ಲಿ ನಾಲ್ಕು ಬಾಳೆಹಣ್ಣು ಕೇಳಿದರೆ ಗೊನೆಯನ್ನೇ ಹೆಗಲಿಗೆ ಹೊರಿಸಿ, ತಿನ್ನದೆ ಉಳಿದದ್ದನ್ನು ರಾತ್ರಿ ಹನ್ನೆರಡಕ್ಕೆ ಮನೆಗೇ ಬಂದು ಹೊತ್ತೊಯ್ದು, ಮರುದಿನ "ಹಣ್ಣಿಗೆ ಎಷ್ಟು ಕಮ್ಮಿ ಬಿತ್ತು ನೋಡಿದ್ರಾ" ಎಂದು ಕೇಳುವ ವ್ಯಾಪಾರಿಯನ್ನು ನೀವು ಏನೆಂದು ಕರೆಯುತ್ತೀರಿ? ದಿನಕ್ಕೆ ಒಂದೂವರೆ ಜಿಬಿಯ ಪ್ಲಾನು ನಡೆಯುವುದು ಹೀಗೆಯೇ. ಬಳಸಿದರೆ ನಿಮ್ಮದು, ಉಳಿದರೆ ಕಂಪನಿಯದು. ಹಾಗೆ ಮರಳಿ ಹೋದದ್ದನ್ನೂ ಭಾಜಕದಲ್ಲಿ ಸೇರಿಸಿ ಜಿಬಿಗೆ ಇಷ್ಟೇ ಎಂದು ಡಂಗುರ ಸಾರುತ್ತಾರೆ.

ಸಂಸಾರಸ್ಥನಿಗೆ ಬೇಕಾದ ಲೆಕ್ಕ ಒಂದೇ. ಈ ಮನೆಯಿಂದ ವರ್ಷಕ್ಕೆ ಒಟ್ಟು ಎಷ್ಟು ಹೋಗುತ್ತದೆ? ವಿಚಿತ್ರವೆಂದರೆ ಯಾವ ಕರಪತ್ರದಲ್ಲೂ ಇಲ್ಲದ ಲೆಕ್ಕ ಇದೊಂದೇ.

ಹಾಕಿಯೇ ನೋಡೋಣ. 2024ರ ಜುಲೈಯಲ್ಲಿ ಜಿಯೋ ತನ್ನ 239 ರೂಪಾಯಿಯ ಪ್ಲಾನನ್ನು 299ಕ್ಕೆ ಏರಿಸಿತು. ದಿನಕ್ಕೆ ಒಂದೂವರೆ ಜಿಬಿ, 28 ದಿನ. 28 ದಿನ! ಯಾವ ಪಂಚಾಂಗದ ತಿಂಗಳು ಇದು? ಚಾಂದ್ರಮಾನವೂ ಅಲ್ಲ, ಸೌರಮಾನವೂ ಅಲ್ಲ. 365 ದಿನಕ್ಕೆ ಇಂಥ ತಿಂಗಳು ಹದಿಮೂರು. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರುವುದು ಮೂರು ವರ್ಷಕ್ಕೊಮ್ಮೆಯ ಹಾಗೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಅಧಿಕಮಾಸದಲ್ಲಿ ಅಳಿಯನನ್ನು ಕರೆದು 33 ಕಜ್ಜಾಯ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಟೆಲಿಕಾಂ ಪಂಚಾಂಗದಲ್ಲಿ ಮಾತ್ರ ಅಧಿಕಮಾಸ ಪ್ರತಿ ವರ್ಷ, ಅಳಿಯ ಕರೆಯದೆಯೂ ಬರುತ್ತಾನೆ, ಕಜ್ಜಾಯದ ಬದಲು 299 ಎಣಿಸಿಕೊಂಡು ಹೋಗುತ್ತಾನೆ. ಮನೆಯಲ್ಲಿ ನಾಲ್ಕು ಫೋನಿದ್ದರೆ ಹದಿಮೂರನೆಯ ತಿಂಗಳ ಕಜ್ಜಾಯವೇ 1,196 ರೂಪಾಯಿ.

"ಅದು ಲೆಕ್ಕಾಚಾರದ ಅನುಕೂಲ, ನಾಲ್ಕು ವಾರ ಅಂದರೆ ಸುಲಭ" ಎನ್ನುವ ಜಾಣರಿದ್ದಾರೆ. ಅವರಿಗೆ ಉತ್ತರವನ್ನು ಕಂಪನಿಯೇ ಕೊಟ್ಟಿದೆ. 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 30 ದಿನದ ಒಂದಾದರೂ ಪ್ಲಾನು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಒಂದಾದರೂ ಪ್ಲಾನು ಇಡಲೇಬೇಕೆಂದು ಆದೇಶಿಸಿತು. ಹಾಗೆ ಹುಟ್ಟಿದ ಜಿಯೋದ ಕ್ಯಾಲೆಂಡರ್ ತಿಂಗಳ ಪ್ಲಾನು, ಅದೇ ದಿನಕ್ಕೆ ಒಂದೂವರೆ ಜಿಬಿಯದು, ದರ ಏರಿದ ಮೇಲೆ 319 ರೂಪಾಯಿ ಆಯಿತು. ಗುಣಿಸಿ ನೋಡಿ. 299ನ್ನು ಹದಿಮೂರು ಸಲ ಕಟ್ಟಿದರೆ 3,887. 319ನ್ನು ಹನ್ನೆರಡು ಸಲ ಕಟ್ಟಿದರೆ 3,828. ಹೆಚ್ಚುಕಡಿಮೆ ಒಂದೇ! ಅಂದರೆ ನಿಜವಾದ ತಿಂಗಳಿಗೆ ಇಷ್ಟು ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. 299 ಎನ್ನುವುದು 319ಕ್ಕೆ ತೊಡಿಸಿದ ಮುಖವಾಡ. ನಿಯಂತ್ರಕರು ಕೇಳಿದ್ದು ಒಂದಾದರೂ ಪ್ಲಾನು, ಕಂಪನಿಗಳು ಕೊಟ್ಟಿದ್ದು ಹುಡುಕಿದರೆ ಸಿಗುವ ಮೂಲೆಯಲ್ಲಿ ಒಂದು. ಕಾನೂನು ಪಾಲಿಸಿದ ಹಾಗೂ ಆಯಿತು, ಪಾಲಿಸದ ಹಾಗೂ ಆಯಿತು.

ಇದಕ್ಕಿಂತ ಹೊಟ್ಟೆ ಉರಿಸುವ ಲೆಕ್ಕ ಇನ್ನೊಂದಿದೆ. ಅದೇ ದರಪಟ್ಟಿಯಲ್ಲಿ ಇಡೀ ವರ್ಷಕ್ಕೆ ಒಮ್ಮೆಲೇ ಕಟ್ಟುವವರಿಗೆ 3,599 ರೂಪಾಯಿ, ದಿನಕ್ಕೆ ಎರಡೂವರೆ ಜಿಬಿ. 3,599 ಒಟ್ಟಿಗೆ ಎತ್ತಿಡಬಲ್ಲ ನನಗೆ ಹೆಚ್ಚು ಡೇಟಾ, ಕಡಿಮೆ ದುಡ್ಡು. ನಮ್ಮ ಮನೆಗೆ ಗಾರೆ ಹಾಕಿದ ಮೇಸ್ತ್ರಿ ವಾರದ ಬಟವಾಡೆಯಲ್ಲಿ 299 ಉಳಿಸಿ ಹದಿಮೂರು ಸಲ ಕಟ್ಟುತ್ತಾನೆ. ಅವನಿಗೆ ಕಡಿಮೆ ಡೇಟಾ, 288 ರೂಪಾಯಿ ಹೆಚ್ಚು ದುಡ್ಡು. ಮೀಟರ್ ಬಡ್ಡಿಯವರನ್ನು ಪೊಲೀಸರು ಹುಡುಕಿಕೊಂಡು ಹೋಗುತ್ತಾರೆ. ಇದಕ್ಕೆ ಏನೆನ್ನಬೇಕು? ದೇಶದಲ್ಲಿ ಡೇಟಾ ಅಗ್ಗ ಎನ್ನುವಾಗ ಯಾರ ದೇಶದಲ್ಲಿ ಎಂದೂ ಹೇಳಬೇಕಲ್ಲವೆ?

ಅಮ್ಮನ ಫೋನಿನ ವಿಷಯ ಹೇಳುತ್ತೇನೆ. ಅವಳು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿದ್ದಾಳೆ. ಕೈಯಲ್ಲಿ ಗುಂಡಿ ಒತ್ತುವ ಸಣ್ಣ ಫೋನು. ಮಾಡುವುದು ಮೂರೇ ಕೆಲಸ: ನನಗೆ ಫೋನು, ತಂಗಿಗೆ ಫೋನು, ಅಡಿಕೆ ಸುಲಿಯುವವರಿಗೆ ಫೋನು. ಒಂದು ಕಾಲದಲ್ಲಿ ಅದು ಲೈಫ್‌ಟೈಮ್ ಸಿಮ್ಮು. ಜೀವಮಾನ ಪರ್ಯಂತ ಒಳಬರುವ ಕರೆ ಬಿಟ್ಟಿ ಎಂದು ಮಾರಿದ್ದರು. ಅಮ್ಮನ ಜೀವಮಾನ ಮುಗಿಯಲಿಲ್ಲ, ಕಂಪನಿಯ ಮಾತು ಮುಗಿಯಿತು. 2018ರ ಕೊನೆಯ ಹೊತ್ತಿಗೆ ಏರ್‌ಟೆಲ್, ವೊಡಾಫೋನ್ ಐಡಿಯಾದಂಥ ದೊಡ್ಡ ಕಂಪನಿಗಳು 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಸೇವೆ ಇಲ್ಲ ಎಂದವು. 35 ತಾನೇ, ಅಗ್ಗ ತಾನೇ ಎಂದೆವು. 2024ರ ಜುಲೈಗೆ ಏರ್‌ಟೆಲ್‌ನಲ್ಲಿ ಆ ಕನಿಷ್ಠ 199 ಆಯಿತು. ಅದರೊಳಗೆ 2 ಜಿಬಿ ಡೇಟಾ ಸೇರಿದೆಯಂತೆ. ಅಮ್ಮನ ಫೋನಿನಲ್ಲಿ ಆ ಡೇಟಾವನ್ನು ತೆರೆಯುವ ಬಾಗಿಲೇ ಇಲ್ಲ! ಕಾಫಿ ಕುಡಿಯದ ಮನೆಗೆ ಪ್ರತಿ ತಿಂಗಳು ಕಾಫಿಪುಡಿ ತಂದು ಸುರಿದು ದುಡ್ಡು ವಸೂಲಿ ಮಾಡಿದ ಹಾಗೆ.

ಇದಕ್ಕೂ ನಿಯಂತ್ರಕರೇ ಕಣ್ಣು ಬಿಡಬೇಕಾಯಿತು. 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಿದ್ದಿ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕನ್ನೂ ಮಾರಬೇಕೆಂದಿತು, ಅಂಥ ವೋಚರಿನ ಗರಿಷ್ಠ ಅವಧಿಯನ್ನು 90ರಿಂದ 365 ದಿನಕ್ಕೆ ಏರಿಸಿತು. 2025ರ ಜನವರಿಯಲ್ಲಿ ಏರ್‌ಟೆಲ್ ಅಂಥ ಪ್ಯಾಕು ತಂದಿತು. ಮೊದಲು ಇಟ್ಟ ದರವನ್ನು ಕೆಲವೇ ದಿನಗಳಲ್ಲಿ ಇಳಿಸಿ 84 ದಿನಕ್ಕೆ 469, ವರ್ಷಕ್ಕೆ 1,849 ಮಾಡಿತು. ಮಾತಾಡುವುದಕ್ಕೆಂದೇ ಹುಟ್ಟಿದ ಯಂತ್ರವನ್ನು ಬರೀ ಮಾತಿಗಾಗಿ ಮಾರಿ ಎಂದು ಸರ್ಕಾರಿ ಸಂಸ್ಥೆಯೊಂದು ಕಂಪನಿಗಳಿಗೆ ಆದೇಶ ಹೊರಡಿಸಬೇಕಾಗಿ ಬಂದ ಮಾರುಕಟ್ಟೆ ಇದು. ಅದನ್ನೇ ನಾವು ಮುಕ್ತ ಮಾರುಕಟ್ಟೆ ಎನ್ನುತ್ತೇವೆ. ಊರಿನ ರೀಚಾರ್ಜ್ ಅಂಗಡಿಯಲ್ಲಿ ಈ ಪ್ಯಾಕು ಕೇಳಿದಾಗ ಹುಡುಗ ಮೊದಲು ಇಲ್ಲವೆಂದ, ನಾನು ನನ್ನ ಫೋನಿನಲ್ಲಿ ತೋರಿಸಿದ ಮೇಲೆ ತಡಕಾಡಿ ಹುಡುಕಿ ಹಾಕಿಕೊಟ್ಟ. ಅಮ್ಮ ಒಬ್ಬಳೇ ಹೋಗಿದ್ದರೆ?

ಇನ್ನು ಅಮ್ಮನಿಗೆ ಸಿಗ್ನಲ್ಲು ಸಿಗುವುದು ಅಂಗಳದ ತುಳಸಿಕಟ್ಟೆಯ ಪಕ್ಕ, ಮಳೆ ಹನಿಯದಿದ್ದರೆ. ಮಲೆನಾಡಿನವರಿಗೆ ಇದು ಸುದ್ದಿಯಲ್ಲ. ಕೊರೋನಾ ಕಾಲದಲ್ಲಿ, 2021ರ ಜೂನಿನ ಮಳೆಯಲ್ಲಿ, ಸುಳ್ಯ ತಾಲೂಕಿನ ಗುತ್ತಿಗಾರು ಕಡೆ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ನಾಡೆಲ್ಲ ಹರಿದಾಡಿತು. ಎಲ್ಲರೂ ಅಪ್ಪನ ಪ್ರೀತಿಯನ್ನು ಕೊಂಡಾಡಿದರು. ಆ ಅಪ್ಪ ಕಟ್ಟುತ್ತಿದ್ದ ದರ ಬೆಂಗಳೂರಿನ ದರವೇ ಅಲ್ಲವೆ ಎಂದು ಎಷ್ಟು ಜನ ಕೇಳಿದರು? ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳವರು ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಫಲಕ ಹಿಡಿದರು. ಸಿಗದ ವಸ್ತುವಿನ ಅಗ್ಗದ ಬೆಲೆ ಕಟ್ಟಿಕೊಂಡು ಅವರಿಗೇನಾಗಬೇಕು?

ಈಗ ಮತ್ತೆ ಬೆಂಗಳೂರಿಗೆ, ಕೆಂಗೇರಿಯಾಚೆಯ ನಮ್ಮ ಹೊಸ ಮನೆಗೆ. ನಾಲ್ಕು ಫೋನಿಗೆ 299ರಂತೆ ವರ್ಷಕ್ಕೆ 15,548. ಮನೆಗೆ ಎಳೆದ ತಂತಿ ಕರಪತ್ರದಲ್ಲಿ 499, ಜೊತೆಗೊಂದು ನಕ್ಷತ್ರದ ಗುರುತು. ಗುರುತು ಹಿಡಿದು ಹೋದರೆ ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಶೇ. 18 ಜಿಎಸ್‌ಟಿ. ಅಂದರೆ 588 ರೂಪಾಯಿ 82 ಪೈಸೆ, ವರ್ಷಕ್ಕೆ 7,066. ಒಟ್ಟು 22,614. ಫೋನಿನ ರೀಚಾರ್ಜಿನಲ್ಲಿ ತೆರಿಗೆ ಸೇರಿಸಿಯೇ ಬೆಲೆ ಹೇಳುವ ಉದ್ಯಮ ಮನೆಯ ತಂತಿಗೆ ಮಾತ್ರ ತೆರಿಗೆ ಬಿಟ್ಟು ಬೆಲೆ ಹೇಳುವುದೇಕೆ? ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಮೇಲೂ ತೆರಿಗೆ ಸೇರಿದ ಬೆಲೆ ಮುದ್ರಿಸಬೇಕು. ಬಿಸ್ಕತ್ತಿಗಿರುವ ಮರ್ಯಾದೆ ಇದಕ್ಕಿಲ್ಲ.

ನೋಡಿ, ಮನೆಗೆ ವೈಫೈ ಬಂದ ಮೇಲೆ ನಾಲ್ಕು ಫೋನಿನ ದಿನದ ಒಂದೂವರೆ ಜಿಬಿ ಯಾರಿಗೆ ಬೇಕು? ಮಗ ಕಾಲೇಜಿನಲ್ಲಿ ಒಂದಿಷ್ಟು ಉರಿಸುತ್ತಾನೆ, ಉಳಿದ ಮೂವರದು ಮಧ್ಯರಾತ್ರಿ ಆವಿ. ಒಂದೇ ಮನೆ ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೊಡುತ್ತಿದೆ. ನಾಲ್ವರೂ ಒಂದೇ ಚೀಲದಿಂದ ಹಂಚಿಕೊಳ್ಳೋಣವೆಂದರೆ ಅದಕ್ಕೆ ಪೋಸ್ಟ್‌ಪೇಯ್ಡ್ ಆಗಿ ಎನ್ನುತ್ತಾರೆ. ಉಳಿದದ್ದನ್ನು ನಾಳೆಗೆ ಇಡಿ ಎಂದರೆ ಅದಕ್ಕೂ ಅದೇ ಉತ್ತರ. ಮಡಕೆಯಲ್ಲಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಿಕೊಳ್ಳುವ ಸ್ವಾತಂತ್ರ್ಯ ನಮ್ಮ ಪ್ರೀಪೇಯ್ಡ್ ಸಂಸಾರಕ್ಕಿಲ್ಲ.

ವೇಗದ ಹುಚ್ಚು ಬೇರೆ. ಕರಪತ್ರದ ಹುಡುಗ 200 ಎಂಬಿಪಿಎಸ್ಸಿಗಿಂತ ಕೆಳಗೆ ಇಳಿಯಲೊಲ್ಲ. ಎಚ್‌ಡಿ ಸಿನಿಮಾ ನೋಡಲು 5 ಎಂಬಿಪಿಎಸ್ ಸಾಕು. ನಾಲ್ಕು ಜನ ಏಕಕಾಲಕ್ಕೆ ನೋಡಿದರೂ 30ರ ತಂತಿ ತಡೆಯುತ್ತದೆ. ಮಲಗುವ ಕೋಣೆಯಲ್ಲಿ ಚಿತ್ರ ಗಿರಗಿರ ತಿರುಗಿ ನಿಲ್ಲುವುದಕ್ಕೆ ಹೆಚ್ಚಿನ ಮನೆಗಳಲ್ಲಿ ಕಾರಣ ಪ್ಲಾನಲ್ಲ. ರೂಟರನ್ನು ಬಾಗಿಲ ಹಿಂದಿನ ಚಪ್ಪಲಿ ಗೂಡಿನ ಮೇಲೆ ಕೂರಿಸಿ ಹೋಗಿರುತ್ತಾರೆ, ನಡುವೆ ಎರಡು ಕಾಂಕ್ರೀಟ್ ಗೋಡೆ. ತಂತಿಯನ್ನು ಹತ್ತಡಿ ಮುಂದಕ್ಕೆಳೆದು ನಡುಮನೆಯಲ್ಲಿ ಇಟ್ಟರೆ ಮುಗಿಯುವ ಕೆಲಸ. ಆದರೆ ಹತ್ತಡಿ ತಂತಿಯಲ್ಲಿ ಕಮಿಷನ್ ಇಲ್ಲ.

ಈ ಎಲ್ಲದಕ್ಕಿಂತ ನನ್ನನ್ನು ಕೆರಳಿಸಿದ್ದು ಆ ಮೊದಲ ಮಾತು: "ಬೇರೆ ಯಾರೂ ಬರೋ ಹಾಗಿಲ್ಲ." ವಿಚಾರಿಸಿದೆ. ಬಿಲ್ಡರು ಕಟ್ಟಡ ಎಬ್ಬಿಸುವಾಗಲೇ ಒಂದು ಕಂಪನಿಗೆ ಪೈಪಿನ ದಾರಿ ಬಿಟ್ಟುಕೊಟ್ಟಿದ್ದಾನೆ. ಆಮೇಲೆ ಬಂದ ನಿವಾಸಿಗಳ ಸಂಘ ಆ ಒಪ್ಪಂದವನ್ನು ಮುಂದುವರಿಸಿದೆ. ಪ್ರತಿಫಲವಾಗಿ ಕ್ಲಬ್ ಹೌಸಿಗೆ ಪುಕ್ಕಟೆ ವೈಫೈ. ಮನೆ ಖರೀದಿಯ ಪತ್ರದಲ್ಲಿ ಕಾರು ನಿಲ್ಲಿಸುವ ಜಾಗದ ಚದರಡಿ ಬರೆದಿದ್ದಾರೆ. ಹತ್ತಾರು ವರ್ಷ ನಾನು ಯಾರಿಗೆ ಕಪ್ಪ ಕಟ್ಟಬೇಕೆಂಬ ವಿಷಯ ಒಂದು ಸಾಲೂ ಇಲ್ಲ. ಕಾರ್ಯದರ್ಶಿಗಳನ್ನು ಕೇಳಿದರೆ, "ಹತ್ತು ಕಂಪನಿ ಬಂದರೆ ಗೋಡೆ ತುಂಬ ತೂತು ಕೊರೀತಾರೆ ಸಾರ್, ಬಿಲ್ಡಿಂಗ್ ಅಂದ ಕೆಡುತ್ತೆ." ಅಂದವಂತೆ! ಹೊರಗೆ ಬೀದಿಯ ಮರಗಳಿಗೆಲ್ಲ ಕೇಬಲ್ಲು ಬಳ್ಳಿಯಂತೆ ಸುತ್ತಿ, ಕಡಿದು ಬಿದ್ದ ತುದಿ ನಡೆಯುವವರ ಕಾಲಿಗೆ ಉರುಲಾಗುವ ಈ ನಗರದಲ್ಲಿ ಅಂದದ ಚಿಂತೆ ನಮ್ಮ ಆಯ್ಕೆಯ ಹಕ್ಕಿಗೆ ಮಾತ್ರ ಅಡ್ಡ ಬರುತ್ತದೆ.

ಕಟ್ಟಡದೊಳಗಿನ ದಾರಿಯನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳಬೇಕು, ಬೇರೆಯವರನ್ನು ತಡೆಯುವ ಏಕಸ್ವಾಮ್ಯದ ಒಪ್ಪಂದವನ್ನು ಪರವಾನಗಿಯ ಉಲ್ಲಂಘನೆಯೆಂದೇ ಎಣಿಸಬೇಕು ಎಂದು ಟ್ರಾಯ್ ಶಿಫಾರಸು ಮಾಡಿದ್ದು 2017ರ ಜನವರಿಯಲ್ಲಿ. ಅಲ್ಲಿಂದೀಚೆಗೆ ಎಷ್ಟು ಸಾವಿರ ಅಪಾರ್ಟ್‌ಮೆಂಟು ಎದ್ದವು? ಮೊಬೈಲ್ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು 2011ರ ಜನವರಿಯಿಂದ ದೇಶಕ್ಕೆಲ್ಲ ಇದೆ. 1900ಕ್ಕೆ ಒಂದು ಎಸ್‌ಎಂಎಸ್ ಕಳಿಸಿದರೆ ಕೆಲಸ ಶುರು. ಮನೆಯ ಸ್ಥಿರ ದೂರವಾಣಿಗೆ ಆ ಹಕ್ಕು ಇವತ್ತಿಗೂ ಬಂದಿಲ್ಲ.

ಬೇರೆ ದಾರಿಯಿಲ್ಲದೆ ಆ ಕಂಪನಿಗೇ ಆರು ತಿಂಗಳ ಮುಂಗಡ ಕಟ್ಟಿದೆ, ರೂಟರ್ ಬಿಟ್ಟಿ ಎಂದರು. ಎರಡನೆಯ ತಿಂಗಳು ತಂತಿ ಐದು ದಿನ ಸತ್ತಿತು. ದಿನಾ ಫೋನು, ದಿನಾ "48 ಗಂಟೆಯಲ್ಲಿ ಸರಿಹೋಗುತ್ತೆ" ಎಂಬ ಉತ್ತರ; ಆ 48 ಗಂಟೆ ಪ್ರತಿದಿನ ಹೊಸದಾಗಿ ಶುರುವಾಗುತ್ತಿತ್ತು. ಬಿಟ್ಟುಬಿಡುತ್ತೇನೆ ಎಂದರೆ ಮುಂಗಡ ವಾಪಸಿಲ್ಲ. ಸ್ಥಿರ ಸಂಪರ್ಕದ ದುರಸ್ತಿ ಮೂರು ದಿನ ಮೀರಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕೆಂದು 2024ರ ಸೇವಾ ಗುಣಮಟ್ಟದ ನಿಯಮದಲ್ಲಿದೆ ಎಂದು ನಾನೇ ಹುಡುಕಿ ಓದಿ ಹೇಳಿದ ಮೇಲೆ ಆ ಕಡೆಯ ದನಿ ಮೆತ್ತಗಾಯಿತು. ಟೆಲಿಕಾಂ ಕಂಪನಿಯ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಎರಡನ್ನೂ ಯಾವ ಕಂಪನಿಯೂ ಕನ್ನಡದಲ್ಲಿ ಅಚ್ಚು ಹಾಕಿಸಿ ರೂಟರಿನ ಡಬ್ಬಿಯಲ್ಲಿ ಇಟ್ಟದ್ದನ್ನು ನಾನು ಕಂಡಿಲ್ಲ.

"ಪೈಪೋಟಿ ಇದೆಯಲ್ಲ, ಅದೇ ಎಲ್ಲ ಸರಿಮಾಡುತ್ತೆ" ಎನ್ನುವವರಿಗೆ ಒಂದು ನೆನಪು. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿ ರದ್ದು ಮಾಡುವಾಗ ಈ ದೇಶದಲ್ಲಿ ಹತ್ತಕ್ಕೂ ಹೆಚ್ಚು ಮೊಬೈಲ್ ಕಂಪನಿಗಳಿದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಿಟ್ಟಿ ಹಂಚುತ್ತ ಬಂತು, ಮುಂದಿನ ಮಾರ್ಚ್ ತನಕ ಹಂಚಿತು. ನಾವೂ ಸಾಲಿನಲ್ಲಿ ನಿಂತು ಸಿಮ್ ತಂದೆವು. ಅಗ್ಗದ ಆಸೆಗೆ ಮುಗ್ಗಿದ ಜೋಳ ಎನ್ನುವ ಗಾದೆ ಗೊತ್ತಿದ್ದೂ ತಂದೆವು. ಈಗ ಖಾಸಗಿಯವರು ಮೂವರೇ ಉಳಿದಿದ್ದಾರೆ. 2024ರ ಜುಲೈ 3ಕ್ಕೆ ಇಬ್ಬರು ದರ ಏರಿಸಿದರು, 4ಕ್ಕೆ ಮೂರನೆಯವರು ಏರಿಸಿದರು. ಇದು ಓಟದ ಪಂದ್ಯವೋ, ಕೈಕೈ ಹಿಡಿದು ಆಡುವ ಕೋಲಾಟವೋ? ದರ ನಿಗದಿಯನ್ನು ಕಂಪನಿಗಳಿಗೇ ಬಿಟ್ಟು ಕೈಕಟ್ಟಿ ಕೂರುವುದು ನಿಯಂತ್ರಕರ ನೀತಿ.

"ಹಾಗಾದರೆ ಬಿಎಸ್‌ಎನ್‌ಎಲ್‌ಗೆ ಹೋಗಿ" ಎಂದು ಕೆಣಕುವವರೂ ಇದ್ದಾರೆ. ಖಾಸಗಿಯವರಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರಿನಲ್ಲಿ. ಸರ್ಕಾರಿ ಕಂಪನಿಯ 4ಜಿ ದೇಶವ್ಯಾಪಿಯಾಗಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಕಾಲಿಗೆ ಗುಂಡು ಕಟ್ಟಿ ಓಡಿಸಿ, ಆಮೇಲೆ ಕುಂಟ ಎಂದು ನಗುವುದು ಸುಲಭ. ಇದೇ ಕರ್ನಾಟಕದಲ್ಲಿ, 1986ರಲ್ಲಿ, ಸರ್ಕಾರದ ಸಿ-ಡಾಟ್ ಸಂಸ್ಥೆ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು ಕಿತ್ತೂರಿನಲ್ಲಿ ನಿಲ್ಲಿಸಿತ್ತು. 128 ಲೈನಿನ ಪೆಟ್ಟಿಗೆ, ಹವಾನಿಯಂತ್ರಣ ಬೇಡದೆ ಹಳ್ಳಿಯ ಬಿಸಿಲಿನಲ್ಲಿ ನಡೆಯುವಂಥದ್ದು. ಫೋನನ್ನು ಹಳ್ಳಿಗೆ ಒಯ್ಯಬೇಕು ಎಂದು ಯೋಚಿಸಿದ ಜನ ಈ ದೇಶದಲ್ಲಿದ್ದರು. ಈಗ ಹಳ್ಳಿಗೆ ಒಯ್ಯುವುದು ರೀಚಾರ್ಜಿನ ಜಾಹೀರಾತನ್ನು ಮಾತ್ರ.

ಆದ್ದರಿಂದ ಅಗ್ಗ ಎಂಬ ಮಾತನ್ನು ಇನ್ನು ನಿಲ್ಲಿಸಿ. ಟ್ರಾಯ್‌ನ ಬಾಗಿಲು ತಟ್ಟುವುದಾದರೆ ಜಿಬಿಯ ದರ ಕೇಳಬೇಡಿ. ಪ್ರತಿ ಪ್ಲಾನಿನ ಮೇಲೂ ವರ್ಷಕ್ಕೆ ತಗಲುವ ಒಟ್ಟು ದುಡ್ಡನ್ನು ತೆರಿಗೆ ಸೇರಿಸಿ ಕನ್ನಡದಲ್ಲಿ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಎಂದು ಕೇಳಿ. 28ನ್ನು ತಿಂಗಳೆಂದು ಮಾರುವುದನ್ನು ನಿಷೇಧಿಸಿ ಎಂದು ಕೇಳಿ. ಉಳಿದ ಡೇಟಾ ನಾಳೆಗೂ ನನ್ನದೇ ಆಗಲಿ, ಬರೀ ಮಾತಿನ ಪ್ಯಾಕು ಆಪಿನ ಮೊದಲ ಪುಟದಲ್ಲೇ ಕಾಣಲಿ, ಕಂತಿನಲ್ಲಿ ಕಟ್ಟುವ ಬಡವನಿಗೆ ಸಗಟು ಕಟ್ಟುವವನಿಗಿಂತ ಹೆಚ್ಚು ಹಾಕುವುದು ನಿಲ್ಲಲಿ. ವಿಧಾನಸೌಧದವರನ್ನು ಕೇಳುವುದಾದರೆ, ಒಂದೇ ಕಂಪನಿಗೆ ಪೈಪು ಬರೆದುಕೊಟ್ಟ ಕಟ್ಟಡಕ್ಕೆ ವಾಸಯೋಗ್ಯ ಪತ್ರ ಕೊಡಬೇಡಿ ಎಂದು ಕೇಳಿ. ನೀರಿನ ಪೈಪು, ಕರೆಂಟಿನ ಮೀಟರು ನೋಡಿ ಸಹಿ ಹಾಕುವ ಅಧಿಕಾರಿ ಇನ್ನೊಂದು ಪೈಪು ನೋಡಿದರೆ ಪೆನ್ನಿನ ಶಾಯಿ ಖರ್ಚಾಗುವುದಿಲ್ಲ. ಮನೆ ಹುಡುಕುತ್ತಿರುವವರು ಮುಂಗಡದ ಚೆಕ್ಕು ಬರೆಯುವ ಮೊದಲು ಬಿಲ್ಡರನ್ನು ಕೇಳಿ: ಈ ಗೋಡೆಯೊಳಗೆ ಎಷ್ಟು ಕಂಪನಿಗಳಿಗೆ ದಾರಿಯಿದೆ? ತಡವರಿಸಿದರೆ ಪೆನ್ನು ಜೇಬಿಗಿಡಿ.

ಬರುವ ತಿಂಗಳ ಎರಡನೆಯ ಭಾನುವಾರ ನಮ್ಮ ಸಂಘದ ವಾರ್ಷಿಕ ಸಭೆ. ನನ್ನ ಠರಾವು ಚಿಕ್ಕದು: ಕಟ್ಟಡದ ಪೈಪು ಎಲ್ಲ ಕಂಪನಿಗಳಿಗೂ ತೆರೆದಿರಬೇಕು, ಹಳೆಯ ಒಪ್ಪಂದದ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಕು. ಕಾರ್ಯದರ್ಶಿಗಳು ಮತ್ತೆ ಅಂದದ ಮಾತೆತ್ತುತ್ತಾರೆ, ಗೊತ್ತು. ಅನುಮೋದಿಸಲು ಒಂದು ಕೈ ಬೇಕಿತ್ತು. ಮೂರನೆಯ ಮಹಡಿಯ ನಿವೃತ್ತ ಮೇಷ್ಟ್ರು ಕರಪತ್ರದ ಹಿಂಬದಿಯ ನನ್ನ ಲೆಕ್ಕವನ್ನು ಎರಡು ಸಲ ಕೂಡಿಸಿ ನೋಡಿ, ಕೈ ಎತ್ತುತ್ತೇನೆ ಎಂದಿದ್ದಾರೆ. ನಿಮ್ಮ ಸಂಘದ ಸಭೆ ಯಾವತ್ತು?